ತೆರವಾದ ಕೋಣೆಯ ಹಳೆಯ ಚೀಟಿ

ಚೆನ್ನೈನ ಸೌಕಾರ್‌ಪೇಟೆಯ ಹೆಸರಿನಲ್ಲಿಯೇ ಸಾಹುಕಾರನಿದ್ದಾನೆ. ಮಿಂಟ್ ಬೀದಿಯ ಆಸುಪಾಸಿನ ಇಕ್ಕಟ್ಟಾದ ಸಗಟು ಪೇಟೆಗಳಲ್ಲಿ ಸ್ಥಳವೆಂಬುದು ಬಲು ಬೆಲೆಯುಳ್ಳದ್ದು. ಅಲ್ಲಿ ವರ್ತಕನೊಬ್ಬನು ತೆರವು ಮಾಡಿದ ದಾಸ್ತಾನು ಕೋಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಅವನ ಗುಮಾಸ್ತನ ಕೈಯಲ್ಲಿ ಕೋಣೆಯ ಸಂಖ್ಯೆ ಬರೆದ ಚೀಟಿ ಉಳಿದಿದೆ; ಕೋಣೆ ಕೈಬದಲಾದುದು ಅವನಿಗೆ ತಿಳಿಯದು. ಅವನು ಬಾಗಿಲು ತೆರೆದು, ಒಳಗೆ ಕಂಡ ಕಾಗದವನ್ನು ಯಜಮಾನನ ಅಪ್ಪಣೆಯೆಂದೇ ಬಗೆದು ನಡೆಸುತ್ತಾನೆ. ಕಳ್ಳನೊಬ್ಬನು ಬೇಕೆಂದೇ ಆ ಕೋಣೆಯನ್ನು ಹಿಡಿದು ಆ ಕಾಗದವನ್ನು ಇರಿಸಿದ್ದರೆ ಗತಿಯೇನು?

ಗಣಕಯಂತ್ರದ ಸ್ಮೃತಿಯಲ್ಲಿ ನಡೆಯುವ ಇಂತಹುದೇ ಪ್ರಮಾದವನ್ನು ‘ಬಿಟ್ಟ ಮೇಲಿನ ಬಳಕೆ’ ಎನ್ನಬಹುದು. (‘ವಿಮುಕ್ತೋತ್ತರ ಉಪಯೋಗ’ ಎಂದು ಯಾರಾದರೂ ಟಂಕಿಸುವ ಮುನ್ನ ಈ ಸರಳ ಮಾತು ನೆಲೆಯೂರಲಿ ಎಂಬುದು ನಮ್ಮ ಆಶಯ.) ಕೆಲಸ ಮುಗಿದ ಸ್ಮೃತಿಭಾಗವನ್ನು ವ್ಯವಸ್ಥೆಯು ಹಿಂದಕ್ಕೆ ಪಡೆದು ಬೇರೊಂದಕ್ಕೆ ಕೊಡುತ್ತದೆ. ಅದರ ಹಳೆಯ ವಿಳಾಸ ಮಾತ್ರ ಎಲ್ಲಿಯೋ ಅಳಿಯದೆ ಉಳಿದಿರುತ್ತದೆ.

ಲಿನಕ್ಸ್ ಕರ್ನೆಲ್ಲಿನ ಜಾಲಸಂಪರ್ಕ ಭಾಗದಲ್ಲಿ ಇದಕ್ಕೆ ತಕ್ಕ ನಿದರ್ಶನವೊಂದು ದೊರೆಯುತ್ತದೆ. ಡಿಸಿಸಿಪಿ ಎಂಬ ಸಂವಹನ ನಿಯಮಾವಳಿಯು 2005ರಲ್ಲಿ ಅದರೊಳಗೆ ಸೇರಿತು. ಸಂಪರ್ಕ ಕೋರಿ ಬಂದ ಪ್ಯಾಕೆಟ್ಟನ್ನು ಕೆಲವು ಸಂದರ್ಭಗಳಲ್ಲಿ ಮುಂದಿನ ಉಪಯೋಗಕ್ಕೆಂದು ಕಾದಿರಿಸಬೇಕಾಗುತ್ತಿತ್ತು. ಹಾಗೆ ಕಾದಿರಿಸುವಾಗ, ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆಂಬ ಎಣಿಕೆಯನ್ನು ಒಂದು ಹೆಚ್ಚಿಸಲಾಗುತ್ತಿತ್ತು. ಇಷ್ಟರವರೆಗೆ ಸರಿಯೇ. ಆದರೆ ಕೊನೆಯಲ್ಲಿ ಪ್ಯಾಕೆಟ್ಟನ್ನು ವಿಸರ್ಜಿಸಲು ಕರೆದ ಕ್ರಿಯೆಯು ಆ ಎಣಿಕೆಯನ್ನು ನೋಡುತ್ತಲೇ ಇರಲಿಲ್ಲ! ಲೆಕ್ಕ ಬರೆದವನೊಬ್ಬ, ಕೋಣೆ ಖಾಲಿ ಮಾಡಿಸಿದವನು ಮತ್ತೊಬ್ಬ. ಎರಡನೆಯವನು ಪುಸ್ತಕವನ್ನು ತೆರೆಯಲೇ ಇಲ್ಲ. ಫಲವಾಗಿ, ಆ ಯಂತ್ರದಲ್ಲಿ ಸಾಮಾನ್ಯ ಬಳಕೆದಾರನಾಗಿ ಪ್ರವೇಶ ಪಡೆದವನೊಬ್ಬನು ತೆರವಾದ ಜಾಗದಲ್ಲಿ ತನ್ನ ದತ್ತಾಂಶವನ್ನು ತುಂಬಿ, ಮುಂದೆ ಯಾವ ಆದೇಶ ನಡೆಯಬೇಕೆಂಬುದನ್ನು ತಾನೇ ನಿರ್ಧರಿಸಿ, ಇಡೀ ಯಂತ್ರದ ಒಡೆತನವನ್ನು ಪಡೆಯಬಹುದಾಗಿತ್ತು. ದೂರದಿಂದಲೇ ನುಗ್ಗಲು ಈ ದೋಷವೊಂದೇ ಸಾಲದು ಎಂಬುದನ್ನೂ ಹೇಳಬೇಕು.

2006ರ ಸೆಪ್ಟೆಂಬರಿನ 2.6.18ನೆಯ ಆವೃತ್ತಿಯಲ್ಲಿಯೂ ದೋಷವಿತ್ತೆಂದು ಪರೀಕ್ಷೆಯಿಂದ ತಿಳಿದುಬಂದಿದೆ. ಎಂದರೆ ಹತ್ತು ವರ್ಷಕ್ಕೂ ಮಿಕ್ಕಿ, ಮೂಲಪಾಠವು ಎಲ್ಲರ ಓದಿಗೂ ತೆರೆದಿದ್ದಾಗಲೂ, ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಇದು ಅಚ್ಚರಿಯೆನಿಸದು. 2017ರ ಫೆಬ್ರವರಿಯಲ್ಲಿ ಆಂಡ್ರೇ ಕೊನೊವಾಲೊವ್ ಅವರು ಇದನ್ನು ಪ್ರಕಟಪಡಿಸಿದರು. ಕರ್ನೆಲ್ಲಿಗೆ ಎಡೆಬಿಡದೆ ಅಡ್ಡಾದಿಡ್ಡಿ ಕರೆಗಳನ್ನು ಕಳುಹಿಸಿ ಪರೀಕ್ಷಿಸುವ ಸಿಜ್‌ಕಾಲರ್ ಎಂಬ ಸಾಧನವು ಇದನ್ನು ಪತ್ತೆಹಚ್ಚಿತ್ತು. ತಿದ್ದುಪಡಿ ತೀರ ಚಿಕ್ಕದು: ಎಣಿಕೆಯನ್ನು ನೋಡಿ ವಿಸರ್ಜಿಸುವ ಕ್ರಿಯೆಯನ್ನು ಹಳೆಯದರ ಸ್ಥಾನದಲ್ಲಿ ಇರಿಸಲಾಯಿತು. ಬಳಸುವವರು ವಿರಳವಾಗಿದ್ದ ಡಿಸಿಸಿಪಿಯನ್ನೇ 2025ರಲ್ಲಿ ಕರ್ನೆಲ್ಲಿನಿಂದ ತೆಗೆದುಹಾಕಲಾಯಿತು.