‘ಕೇಳುವುದಿಲ್ಲ’ ಎಂಬ ದೂರು

(ಬಾನುಲಿ ಭಾಷಣ)

ಶಾಲೆಯ ಬಾಗಿಲಿಗೆ ಬರುವ ದೂರುಗಳಲ್ಲಿ ಬಹು ಹಳೆಯದೂ ಬಹು ಸಾಮಾನ್ಯವೂ ಆದದ್ದು ಒಂದುಂಟು: ಹುಡುಗ ಕೇಳುವುದಿಲ್ಲ. ಉಪಾಧ್ಯಾಯರು ಇದನ್ನು ತಂದೆತಾಯಿಗಳ ಮುಂದೆ ಇಡುತ್ತಾರೆ. ತಂದೆತಾಯಿಗಳು ಅದನ್ನೇ ಉಪಾಧ್ಯಾಯರ ಕಡೆಗೆ ತಿರುಗಿಸುತ್ತಾರೆ: ‘ನೀವು ಕೇಳುವ ಹಾಗೆ ಹೇಳುವುದಿಲ್ಲ.’ ಈ ಎರಡು ಮಾತುಗಳ ನಡುವೆ ಮಗು ತಲೆ ತಗ್ಗಿಸಿಕೊಂಡು ನಿಂತಿರುತ್ತದೆ. ಇಂಥ ದೂರು ಬಂದಾಗ ಉಪಾಧ್ಯಾಯನಾದವನು ಹೇಗೆ ನಡೆದುಕೊಳ್ಳಬೇಕು ಎಂಬುದು ಈ ಹೊತ್ತಿನ ವಿಷಯ.

ಕನ್ನಡದ ಮೇಷ್ಟ್ರಾದ ನಾನು ಪದದಿಂದಲೇ ಆರಂಭಿಸಿದರೆ ಶ್ರೋತೃಗಳು ಮನ್ನಿಸಬೇಕು. ನಮ್ಮ ‘ಕೇಳು’ ಎಂಬ ಧಾತುವಿಗೆ ಕನಿಷ್ಠ ನಾಲ್ಕು ಕೆಲಸಗಳಿವೆ. ಕಿವಿ ಕೇಳುವುದು ಒಂದು. ಅದು ಇಂದ್ರಿಯದ ವ್ಯಾಪಾರ. ಪಾಠ ಕೇಳುವುದು ಇನ್ನೊಂದು. ಅದು ಮನಸ್ಸಿನ ವ್ಯಾಪಾರ. ಮಾತು ಕೇಳುವುದು ಎಂದರೆ ಹೇಳಿದಂತೆ ನಡೆಯುವುದು, ವಿಧೇಯತೆ. ಪ್ರಶ್ನೆ ಕೇಳುವುದು ನಾಲ್ಕನೆಯದು. ಅದಕ್ಕೆ ಧೈರ್ಯ ಬೇಕು. ‘ಹುಡುಗ ಕೇಳುವುದಿಲ್ಲ’ ಎಂದಾಗ ಈ ನಾಲ್ಕರಲ್ಲಿ ಯಾವುದು ನಡೆಯುತ್ತಿಲ್ಲ ಎಂದು ನಾವು ವಿಚಾರಿಸುವುದೇ ಅಪರೂಪ. ಎಲ್ಲವನ್ನೂ ಮೂರನೆಯದಕ್ಕೆ, ಎಂದರೆ ಅವಿಧೇಯತೆಗೆ, ಜಮಾ ಮಾಡಿಬಿಡುತ್ತೇವೆ. ಹಾಗೆ ಮಾಡಿದವರಲ್ಲಿ ನಾನೂ ಒಬ್ಬ.

ಕಾಲೇಜು ಸೇರುವುದಕ್ಕೆ ಮೊದಲು, 1984ರಲ್ಲಿ, ವಿದ್ಯುತ್ ಮಗ್ಗಗಳ ಒಂದು ಊರಿನ ಪ್ರೌಢಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಹೆಸರು ಕೂಗಿದರೆ ಒಮ್ಮೊಮ್ಮೆ ಏಳುತ್ತಿದ್ದ, ಒಮ್ಮೊಮ್ಮೆ ಇಲ್ಲ. ಪ್ರಶ್ನೆ ಹಾಕಿದರೆ ಸುಮ್ಮನೆ ನಗುತ್ತಿದ್ದ. ಆ ನಗೆಯನ್ನು ನಾನು ಉದ್ಧಟತನವೆಂದು ತಿಳಿದು ಹಲವು ಬಾರಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಒಂದು ದಿನ ಅವನ ತಂದೆ ಬಂದರು. ನೇಕಾರರು, ದೊಡ್ಡ ದನಿಯವರು. ‘ಮೇಷ್ಟ್ರೇ, ನಮ್ಮ ಹುಡುಗನಿಗೆ ನೀವು ಪಾಠಾನೇ ಹೇಳ್ಕೊಡಲ್ವಂತೆ’ ಎಂದರು. ಜೊತೆಯ ಉಪಾಧ್ಯಾಯರೆಲ್ಲ ಅಲ್ಲಿಯೇ ಇದ್ದರು. ನನಗೆ ಅವಮಾನವಾಯಿತು. ಹಾಜರಿ ಪುಸ್ತಕ, ಅಂಕಪಟ್ಟಿಗಳನ್ನು ತಂದು ಅವರ ಮುಂದೆ ಹಿಡಿದೆ. ‘ಹೇಳಿಕೊಡುವುದು ನನ್ನ ಕೆಲಸ, ಕೇಳುವುದು ಅವನ ಕೆಲಸ. ನಿಮ್ಮ ಹುಡುಗ ಕೇಳುವುದಿಲ್ಲ’ ಎಂದು ಹೇಳಿ ಕಳುಹಿಸಿದೆ. ವಾದದಲ್ಲಿ ಗೆದ್ದೆನೆಂಬ ಸಮಾಧಾನವೂ ಇತ್ತು.

ಮರುದಿನದಿಂದ ಹುಡುಗ ಬರಲಿಲ್ಲ. ಮನೆಯಲ್ಲಿ ಹೊಡೆತ ಬಿದ್ದಿತ್ತು. ಓದು ತಲೆಗೆ ಹತ್ತದೆಂದು ಅವನನ್ನು ನೂಲು ಸುತ್ತುವ ಕೆಲಸಕ್ಕೆ ಕೂರಿಸಿದ್ದರು. ವಿಷಯ ತಿಳಿದ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಅವನ ನೋಟುಪುಸ್ತಕವನ್ನು ತರಿಸಿದರು. ಪುಟಗಳನ್ನು ತಿರುವಿ, ‘ಇದನ್ನು ನೀವು ನೋಡಿದ್ದೀರಾ ಮೇಷ್ಟ್ರೇ?’ ಎಂದರು. ಕಪ್ಪುಹಲಗೆಯ ಮೇಲೆ ಬರೆದದ್ದೆಲ್ಲ ಆ ಪುಸ್ತಕದಲ್ಲಿ ಒಂದಕ್ಷರ ತಪ್ಪದೆ ಇತ್ತು. ನಾನು ಬಾಯಿಂದ ಬರೆಸಿದ ಟಿಪ್ಪಣಿಗಳಿರಬೇಕಾದ ಕಡೆಯಲ್ಲಿ ಮಾತ್ರ ಸಾಲುಸಾಲಾಗಿ ಖಾಲಿ ಜಾಗ. ಸೋಮಾರಿಯ ಪುಸ್ತಕ ಹಾಗಿರುವುದಿಲ್ಲ.

ಅಂದು ಸಂಜೆ ಇಬ್ಬರೂ ಅವನ ಮನೆಗೆ ಹೋದೆವು. ನಡುಮನೆಯಲ್ಲಿ ಎರಡು ಮಗ್ಗಗಳು ಓಡುತ್ತಿದ್ದವು. ಆ ತಾಯಿ ನಮ್ಮನ್ನು ಕೂರಲು ಹೇಳಿದ್ದು ನಮಗೆ ಕೇಳಿಸಲಿಲ್ಲ. ಆಕೆ ಕೂಗಿ ಹೇಳಬೇಕಾಯಿತು. ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು. ಆದ್ದರಿಂದ ಹುಡುಗನ ಕಿವಿ ಮಂದವೆಂಬುದು ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ತರಗತಿಯಲ್ಲಿ ಅವನು ನನ್ನ ತುಟಿಯನ್ನು ನೋಡಿ ಅಷ್ಟಿಷ್ಟು ಗ್ರಹಿಸುತ್ತಿದ್ದ. ನಾನು ಹಲಗೆಯ ಕಡೆಗೆ ತಿರುಗಿದೊಡನೆ ಅವನ ಪಾಲಿಗೆ ಪಾಠ ನಿಂತುಹೋಗುತ್ತಿತ್ತು. ಆ ನಗೆ ಉದ್ಧಟತನದ್ದಲ್ಲ, ತಿಳಿಯದೆ ಸಿಕ್ಕಿಬಿದ್ದವನ ಸಂಕೋಚದ್ದು. ವೈದ್ಯರು ನೋಡಿ, ಕಿವಿ ಬಹುಕಾಲದಿಂದ ಸೋರಿ ತಮಟೆಯಲ್ಲಿ ರಂಧ್ರವಾಗಿದೆ ಎಂದರು. ಚಿಕಿತ್ಸೆಯಾಯಿತು. ಮುಂದಿನ ಬೆಂಚಿನಲ್ಲಿ, ಹೆಚ್ಚು ಕೇಳುವ ಕಿವಿ ನನ್ನ ಕಡೆಗೆ ಇರುವಂತೆ ಅವನನ್ನು ಕೂರಿಸಿದೆವು. ಹುಡುಗ ಶಾಲೆಯಲ್ಲಿ ಉಳಿದ.

ಈಗ ಆ ತಂದೆಯ ಮಾತನ್ನು ನೆನೆಯಿರಿ. ‘ಪಾಠ ಹೇಳಿಕೊಡುವುದಿಲ್ಲ’ ಎಂಬುದು ಆರೋಪದ ರೂಪದಲ್ಲಿತ್ತು. ಆದರೆ ಅದರೊಳಗೊಂದು ಸುದ್ದಿ ಇತ್ತು. ಪಾಠ ಆ ಹುಡುಗನಿಗೆ ನಿಜವಾಗಿಯೂ ತಲುಪುತ್ತಿರಲಿಲ್ಲ. ನಾನು ಆರೋಪಕ್ಕೆ ಉತ್ತರ ಕೊಟ್ಟೆ, ಸುದ್ದಿಯನ್ನು ಬಿಟ್ಟೆ. ದೂರುಗಳ ವಿಷಯದಲ್ಲಿ ನಾನು ಕಲಿತದ್ದೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಬಂದವರನ್ನು ಕೂರಿಸಬೇಕು. ಅವರು ಒಂದು ದಿನದ ಕೂಲಿಯನ್ನು ಬಿಟ್ಟು ಬಂದಿರಬಹುದು. ನಿಂತು ಆಡಿದ ಮಾತು ಜಗಳವಾಗುವಷ್ಟು ಬೇಗ ಕೂತು ಆಡಿದ ಮಾತು ಆಗುವುದಿಲ್ಲ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಸಮರ್ಥನೆಗೆ ಬಾಯಿ ತೆರೆಯಬಾರದು. ಅನಂತರ ವಿವರಗಳನ್ನು ಕೇಳಬೇಕು: ಯಾವಾಗಿನಿಂದ ಹೀಗೆ? ಎಲ್ಲ ಪಾಠಗಳಲ್ಲಿಯೋ, ಒಂದರಲ್ಲಿ ಮಾತ್ರವೋ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ? ಬೆಳಿಗ್ಗೆ ಏನಾದರೂ ತಿಂದು ಬರುತ್ತಾನೆಯೋ? ಮನೆಯಲ್ಲಿ ಕರೆದರೆ ಓಗೊಡುತ್ತಾನೆಯೋ? ಈ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಎಷ್ಟೋ ಸಲ ದೂರಿನ ದನಿಯೇ ಬದಲಾಗಿರುತ್ತದೆ.

ಎರಡನೆಯದಾಗಿ, ಅಲ್ಲಿಯೇ ತೀರ್ಪು ಕೊಡಬಾರದು. ‘ಒಂದು ವಾರ ನೋಡುತ್ತೇನೆ, ಇಂಥ ದಿನ ಬನ್ನಿ’ ಎಂದು ದಿನ ಗೊತ್ತುಮಾಡಬೇಕು. ಆ ವಾರದಲ್ಲಿ ನೋಟುಪುಸ್ತಕವನ್ನು ನೋಡಬೇಕು. ಬೇರೆ ಪಾಠಗಳ ಉಪಾಧ್ಯಾಯರನ್ನು ವಿಚಾರಿಸಬೇಕು. ಮಗುವನ್ನು ಬೇರೆಯಾಗಿ, ಯಾರೂ ಇಲ್ಲದಾಗ ಮಾತಾಡಿಸಬೇಕು. ಕಿವಿಯ ದೋಷವೋ ಕಣ್ಣಿನ ದೋಷವೋ ಎಂಬ ಅನುಮಾನ ಬಂದರೆ ತಡಮಾಡಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದ ಮೇಲೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಇಂಥ ತಪಾಸಣೆಯ ಏರ್ಪಾಡಿದೆ. ಶ್ರವಣ ಪರೀಕ್ಷೆಗೆಂದೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಕಿವಿ ಚೆನ್ನಾಗಿದ್ದೂ ಪಾಠ ಕೇಳದ ಮಗು ಇದೆಯಲ್ಲ, ಅದರ ಕಾರಣವನ್ನು ನಾವು ನಮ್ಮಲ್ಲಿಯೂ ಹುಡುಕಬೇಕಾದೀತು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವನ್ನು ಆರನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮೂರು ತಿಂಗಳಾದ ಮೇಲೆ ‘ಗಮನವಿಲ್ಲ’ ಎಂದು ದೂರುವವರನ್ನು ಬಹಳ ಕಂಡಿದ್ದೇನೆ. ಅರ್ಥವಾಗದ ಮಾತನ್ನು ದೊಡ್ಡವರಾದ ನಾವೇ ಎಷ್ಟು ಹೊತ್ತು ಕೇಳಬಲ್ಲೆವು? ಇನ್ನು ಪಾಠವೇ ನೀರಸವಾಗಿದ್ದರೆ ಅದಕ್ಕೆ ಔಷಧ ಹುಡುಗನ ಕಡೆಯಿಂದ ಬರಲಾರದು.

ಎಲ್ಲಕ್ಕಿಂತ ಕಷ್ಟವಾದ ದೂರು ಇನ್ನೊಂದಿದೆ. ‘ತರಗತಿಯಲ್ಲಿ ಹುಡುಗರು ನಿಮ್ಮ ಮಾತೇ ಕೇಳುವುದಿಲ್ಲವಂತೆ, ಆ ಗದ್ದಲದಲ್ಲಿ ನನ್ನ ಮಗಳಿಗೆ ಪಾಠವಾಗುತ್ತಿಲ್ಲ’ ಎಂದು ಒಬ್ಬ ತಾಯಿ ಹೇಳುತ್ತಾಳೆ. ಇದು ನೇರವಾಗಿ ಉಪಾಧ್ಯಾಯನ ಅಭಿಮಾನಕ್ಕೆ ತಗಲುವ ಮಾತು. ಇಲ್ಲಿ ಎರಡು ತಪ್ಪುಗಳಿಗೆ ಎಡೆಯುಂಟು. ‘ಎಲ್ಲ ಇಂಥವನಿಂದ’ ಎಂದು ಇನ್ನೊಬ್ಬರ ಮಗುವಿನ ಹೆಸರು ಹೇಳುವುದು ಒಂದು. ಅದು ಸಂಜೆಯೊಳಗೆ ಆ ಮಗುವಿನ ಮನೆಯನ್ನು ಮುಟ್ಟುತ್ತದೆ. ಮರುದಿನ ಆ ಹುಡುಗಿಯನ್ನು ಎಬ್ಬಿಸಿ, ‘ಮನೆಗೆ ಹೋಗಿ ಚಾಡಿ ಹೇಳಿದೆಯೋ?’ ಎನ್ನುವುದು ಇನ್ನೊಂದು. ಇದಕ್ಕಿಂತ ದೊಡ್ಡ ಅಪರಾಧ ನಮ್ಮ ವೃತ್ತಿಯಲ್ಲಿಲ್ಲ. ಗದ್ದಲವಿರುವುದು ನಿಜವಾದರೆ ನಿಜವೆಂದು ಒಪ್ಪಿಕೊಳ್ಳುವುದು ಒಳ್ಳೆಯದು. ಅನುಭವಸ್ಥರಾದ ಸಹೋದ್ಯೋಗಿಯೊಬ್ಬರನ್ನು ತರಗತಿಯ ಹಿಂದೆ ಎರಡು ದಿನ ಕೂತು ನೋಡಿರೆಂದು ಬೇಡಿಕೊಳ್ಳುವುದು ಅದಕ್ಕಿಂತಲೂ ಒಳ್ಳೆಯದು.

ಕಾನೂನಿನ ಮಾತನ್ನೂ ಹೇಳಬೇಕು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದ್ದು. ಅದರ 17ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 1984ರಲ್ಲಿ ನಾನು ಮಾಡಿದಂತೆ ಬೆಂಚಿನ ಮೇಲೆ ನಿಲ್ಲಿಸುವುದು ಈಗ ಸಲ್ಲದು. 24ನೆಯ ಪ್ರಕರಣದ ಪ್ರಕಾರ ತಂದೆತಾಯಿಗಳನ್ನು ಕ್ರಮವಾಗಿ ಕರೆದು ಮಗುವಿನ ಹಾಜರಿ, ಕಲಿಕೆಯ ಶಕ್ತಿ, ಪ್ರಗತಿಗಳನ್ನು ತಿಳಿಸುವುದು ಉಪಾಧ್ಯಾಯನ ಕರ್ತವ್ಯ. ಎಂದರೆ, ತಂದೆತಾಯಿಗಳು ದೂರು ಹೊತ್ತು ಬರುವ ತನಕ ಕಾಯುವುದೇ ಕರ್ತವ್ಯಲೋಪ. ಶಾಂತವಾದ ದಿನದಲ್ಲಿ ಎರಡು ಬಾರಿ ಮಾತಾಡಿದ್ದವರು ಕೋಪದ ದಿನದಲ್ಲಿಯೂ ಮಾತಾಡಬಲ್ಲರು.

ಈಚಿನ ದಿನಗಳಲ್ಲಿ ದೂರು ಬಾಗಿಲಿಗೆ ಬರುವುದೇ ಕಡಿಮೆಯಾಗಿ ವಾಟ್ಸಪ್ ಗುಂಪಿಗೆ ಬರುತ್ತದೆ. ನಾಲ್ವತ್ತು ಮನೆಗಳು ಅದನ್ನು ಓದುತ್ತವೆ. ಅಲ್ಲಿಯೇ ಉತ್ತರ ಕೊಡುವ ಆಸೆಯನ್ನು ತಡೆದುಕೊಂಡು, ‘ನಾಳೆ ದಯಮಾಡಿ ಬನ್ನಿ, ಮಾತಾಡೋಣ’ ಎಂದಷ್ಟೇ ಬರೆಯುವುದು ವಿವೇಕ. ಮಗುವಿನ ಕುಂದನ್ನು ಸಂತೆಯಲ್ಲಿ ಚರ್ಚಿಸಬಾರದು. ಗುಂಪು ಎಂಬುದು ಸಂತೆಯೇ.

ತಂದೆತಾಯಿಗಳಿಗೂ ಒಂದು ಮಾತು. ಉಪಾಧ್ಯಾಯರಿಂದ ದೂರು ಕೇಳಿ ಬಂದ ದಿನ ಮಗುವಿಗೆ ಹೊಡೆಯಬೇಡಿ. ಹೊಡೆದರೆ, ಅದು ನಾಳೆ ನಿಮಗೆ ಏನನ್ನೂ ಹೇಳುವುದಿಲ್ಲ; ನಾಲ್ಕನೆಯ ‘ಕೇಳು’, ಪ್ರಶ್ನೆ ಕೇಳುವ ಧೈರ್ಯ, ಮೊದಲು ಸಾಯುವುದು ಅಲ್ಲಿ.

ಆ ನೇಕಾರರು ಆಮೇಲೆ ಒಮ್ಮೆ ಶಾಲೆಗೆ ಬಂದಿದ್ದರು. ನಾನು ಕ್ಷಮೆ ಕೇಳಿದೆ. ಅವರು ಎಂದಿನ ದೊಡ್ಡ ದನಿಯಲ್ಲಿ, ‘ನಾನೂ ಅವನನ್ನ ಒಂದು ಮಾತು ಕೇಳ್ಲಿಲ್ಲ ಬಿಡಿ ಮೇಷ್ಟ್ರೇ’ ಎಂದರು. ಪದದ ನಾಲ್ಕು ಅರ್ಥಗಳನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆ ಹುಡುಗನನ್ನು ಮೊದಲು ಕೇಳಬೇಕಾಗಿದ್ದವರು ನಾವಿಬ್ಬರೂ ಎಂಬುದನ್ನು ಅವರು ಹೇಳಿದ ಮೇಲೆ ತಿಳಿದೆ.