ತುತ್ತೂರಿಯಂತೆ ನುಡಿದ ಪಿಯಾನೊ

ಒಂಟಿಯಾಗಿ ನುಡಿಸಿದರೆ ಪಿಯಾನೊ ಸಭಾಂಗಣವನ್ನೇ ತುಂಬಬಲ್ಲುದು. ಅದನ್ನೇ ತುತ್ತೂರಿ, ಡೋಲುಗಳ ನಡುವೆ ಇರಿಸಿದರೆ ದನಿ ಅಡಗಿಹೋಗುತ್ತದೆ. ಅಮೆರಿಕದ ಮೊದಮೊದಲ ಜಾಝ್ ಮೇಳಗಳಲ್ಲಿ ಅದು ಹೆಚ್ಚಾಗಿ ತಾಳ ಹಿಡಿಯುವ ಪಕ್ಕವಾದ್ಯವೇ ಆಗಿದ್ದಿತು. ಅದಕ್ಕೆ ಪ್ರಧಾನ ವಾದ್ಯದ ಸ್ಥಾನ ದೊರಕಿಸಿಕೊಟ್ಟವರಲ್ಲಿ ಅರ್ಲ್ ಹೈನ್ಸನು ಅಗ್ರಗಣ್ಯನು.

ಹೈನ್ಸನು 1903ರಲ್ಲಿ ಪೆನ್ಸಿಲ್ವೇನಿಯದ ಡುಕೇನ್ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ, ಆಫ್ರಿಕಾ ಮೂಲದ ಕುಟುಂಬದಲ್ಲಿ ಹುಟ್ಟಿದನು. ತಂದೆ ಕಾರ್ನೆಟ್ ಎಂಬ ಪುಟ್ಟ ತುತ್ತೂರಿಯ ವಾದಕ. ಮಗನೂ ಅದನ್ನು ಹಿಡಿದನು; ಊದಿದರೆ ಕಿವಿಯ ಹಿಂದೆ ನೋವು ಬರುತ್ತಿದ್ದುದರಿಂದ ಬಿಟ್ಟು, ಪಿಯಾನೊ ಕಲಿತನು. ತುತ್ತೂರಿಯ ನಡೆ ಮಾತ್ರ ಬೆರಳುಗಳಲ್ಲಿ ಉಳಿಯಿತು.

ಬಲಗೈಯಿಂದ ಅವನು ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಏಕಕಾಲಕ್ಕೆ ಒತ್ತುವನು. ಸ್ವರಕ್ಕೆ ಕಂಚಿನ ಕಂಠ ಬರುವುದು. ತಾಳ ಹಿಡಿದು ನಡೆಯುವ ಎಡಗೈ ನಡುವೆ ಥಟ್ಟನೆ ದಾರಿ ಬಿಡುವುದು. ಲಯ ತಪ್ಪಿತೆಂದು ಕೇಳುಗರು ಬೆದರುವಷ್ಟರಲ್ಲಿ ಸರಿಯಾಗಿ ಬಂದು ಕೂಡಿಕೊಳ್ಳುವುದು. ನಮ್ಮ ತನಿ ಆವರ್ತನ ಕೇಳಿ ಬಲ್ಲವರಿಗೆ ಈ ಸುಖ ಹೊಸತಲ್ಲ. 1928ರಲ್ಲಿ ಷಿಕಾಗೊ ನಗರದಲ್ಲಿ ಮುದ್ರಿತವಾದ ‘ವೆದರ್ ಬರ್ಡ್’ ಧ್ವನಿಮುದ್ರಿಕೆಯಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ತುತ್ತೂರಿ, ಹೈನ್ಸನ ಪಿಯಾನೊ ಎರಡೇ ಇವೆ. ಅಲ್ಲಿ ಯಾವುದೂ ಯಾವುದಕ್ಕೂ ಪಕ್ಕವಾದ್ಯವಲ್ಲ.

ಅದೇ ವರ್ಷ ಡಿಸೆಂಬರ್ 28ರಂದು, ತನ್ನ 25ನೆಯ ಹುಟ್ಟುಹಬ್ಬದ ದಿನ, ಹೈನ್ಸನು ಅದೇ ನಗರದ ಗ್ರ್ಯಾಂಡ್ ಟೆರೇಸ್ ಎಂಬ ನೃತ್ಯಶಾಲೆಯಲ್ಲಿ ಸ್ವಂತ ಮೇಳದೊಡನೆ ನುಡಿಸತೊಡಗಿದನು. 1930ರ ದಶಕದಲ್ಲಿ ಅಲ್ಲಿಂದ ರಾತ್ರಿ ಹೊತ್ತು ಬಾನುಲಿ ಪ್ರಸಾರವಿರುತ್ತಿತ್ತು. ದೂರದ ಒಕ್ಲಹೋಮದಲ್ಲಿ ಬೆಳೆದ ಜೇ ಮ್ಯಾಕ್‌ಶಾನನು ಆ ಪ್ರಸಾರವನ್ನೇ ಗುರುವಾಗಿ ಮಾಡಿಕೊಂಡು, ಮುಂದೆ ತಾನೂ ಹೆಸರಾಂತ ವಾದಕನಾದನು. ಬಾನುಲಿಗೆ ಮೈಬಣ್ಣ ಕಾಣದು. ಹೈನ್ಸನ ನಾದ ಬಿಳಿಯರ ಮನೆಗಳಿಗೂ ಸಲೀಸಾಗಿ ಹೋಗುತ್ತಿತ್ತು. ಆದರೆ ಮೇಳವೇ ದಕ್ಷಿಣ ರಾಜ್ಯಗಳಿಗೆ ಸಂಚಾರ ಹೋದಾಗ ಬಿಳಿಯರ ಹೋಟೆಲುಗಳ ಬಾಗಿಲು ತೆರೆಯುತ್ತಿರಲಿಲ್ಲ.

1940ರ ದಶಕದ ಕೊನೆಗೆ ದೊಡ್ಡ ಮೇಳಗಳ ಕಾಲ ಮುಗಿಯಿತು. ಕೆಲವು ವರ್ಷ ಆರ್ಮ್‌ಸ್ಟ್ರಾಂಗನ ತಂಡದಲ್ಲಿದ್ದು, ಬಳಿಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಶೈಲಿಯ ಜಾಝ್ ನುಡಿಸುತ್ತ ಹೈನ್ಸನು ಬಹುಮಟ್ಟಿಗೆ ಮರೆಯಾದನು. 1964ರಲ್ಲಿ ನ್ಯೂಯಾರ್ಕಿನ ಲಿಟ್ಲ್ ಥಿಯೇಟರಿನಲ್ಲಿ ನಡೆದ ಕಛೇರಿಗಳು ಅವನನ್ನು ಮತ್ತೆ ಮುನ್ನೆಲೆಗೆ ತಂದವು. 60 ದಾಟಿದವನಿಗೆ ಎರಡನೆಯ ಜೀವನ ಸಿಕ್ಕಿತು. 1966ರಲ್ಲಿ ಸೋವಿಯತ್ ದೇಶದಲ್ಲೂ ನುಡಿಸಿ ಬಂದನು. 1983ರಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡಿನಲ್ಲಿ ತೀರಿಕೊಂಡನು.

ವಾಚಕರು ಅವನ ಮುದ್ರಿಕೆಯನ್ನು ಕೇಳುವ ಅವಕಾಶ ಒದಗಿದರೆ ಮೊದಲ ಸಲ ಬಲಗೈಯನ್ನು ಕೇಳಲಿ, ಎರಡನೆಯ ಸಲ ಎಡಗೈಯನ್ನು. ಮೂರನೆಯ ಸಲ ಎರಡೂ ಒಟ್ಟಿಗೆ ಕೇಳಿಸುತ್ತವೆ.