ಹೋರಿಯ ಮೈಕಟ್ಟು ಹೇಳದ ಸಂಗತಿ

ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ನೆರೆದಾಗ ಹಳ್ಳಿಕಾರ್ ಹೋರಿಗಳ ಬೆಲೆ ಕಟ್ಟುವುದು ರೈತನ ಕಣ್ಣು. ಕೊಂಬಿನ ನೀಳ, ಸುಳಿ, ಹಲ್ಲು, ನಡಿಗೆ ಇವನ್ನು ನೋಡಿ ಆತನು ಹಣವೆಣಿಸುತ್ತಾನೆ. ಆದರೆ ಬೀಜದ ಹೋರಿಗೆ ಇರಲೇಬೇಕಾದ ಗುಣವೊಂದು ಇವಾವುದರಲ್ಲಿಯೂ ಕಾಣದು.

ಹಸು ಗಬ್ಬವಾಗದಿದ್ದರೆ ಅಪವಾದವನ್ನು ಹೊರುವುದು ಸಾಮಾನ್ಯವಾಗಿ ಹಸುವೇ. ಗೊಡ್ಡೆಂದು ಅದನ್ನು ಮಾರಿಬಿಡುವುದೂ ಉಂಟು. ದೋಷ ಹೋರಿಯಲ್ಲಿದ್ದರೆ? ಹಸು ಬಂಜೆಯಾದರೆ ನಷ್ಟ ಒಂದು ಮನೆಯದು. ಹೋರಿಯೇ ನಿಸ್ಸತ್ವವಾದರೆ ನಷ್ಟ ಇಡೀ ಮಂದೆಯದು. ಹಸು ಈಯದೆ ಹಾಲಿಲ್ಲವಾದುದರಿಂದ ಪಟ್ಟಣದ ಗೃಹಿಣಿಯ ಹಾಲಿನ ಪಾತ್ರೆಗೂ ಇದು ಸಂಬಂಧಿಸಿದ ಮಾತು.

ಪಶುವೈದ್ಯರು ಮೊದಲು ನೋಡುವುದು ಕಾಲು, ಗೊರಸು, ಕಣ್ಣುಗಳನ್ನು. ಕುಂಟುವ ಹೋರಿಯ ಬೀಜ ಎಷ್ಟು ಉತ್ತಮವಾಗಿದ್ದರೂ ಹಸುವನ್ನು ಏರಲು ಅದಕ್ಕೆ ಶಕ್ತಿ ಸಾಲದು. ಬಳಿಕ ವೃಷಣದ ಸುತ್ತಳತೆ: ಎರಡು ವರ್ಷ ದಾಟಿದ ಹೋರಿಗೆ ಅದು 34 ಸೆಂಟಿಮೀಟರಿಗೆ ಕಡಮೆಯಿರಬಾರದೆಂದು ಅಮೆರಿಕದ ಪಶುವೈದ್ಯರು ವಿಧಿಸಿದ್ದಾರೆ. ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನೂರರಲ್ಲಿ 30 ವೀರ್ಯಾಣುಗಳಾದರೂ ಮುಂದಕ್ಕೆ ಚಲಿಸುತ್ತಿರಬೇಕು. 70 ಆದರೂ ಸರಿಯಾದ ಆಕಾರದಲ್ಲಿರಬೇಕು. ಕಂದುಹಾಕುವ ರೋಗದಂತಹ ಅಂಟುಜಾಡ್ಯಗಳಿಗೆ ಬೇರೆ ಪರೀಕ್ಷೆಗಳಿವೆ.

ಒಮ್ಮೆ ಸೋತ ಹೋರಿಯನ್ನು ಒಡನೆ ತಳ್ಳಿಹಾಕುವಂತಿಲ್ಲ. ವೃಷಣವು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಜ್ವರವೋ ಕಡುಬೇಸಗೆಯೋ ಅದನ್ನು ಕೆಡಿಸಬಲ್ಲದು. ವೀರ್ಯಾಣು ರೂಪುಗೊಳ್ಳಲು ಸುಮಾರು 60 ದಿನಗಳು ಬೇಕು. ಆದುದರಿಂದ ಎರಡು ತಿಂಗಳ ಅನಂತರ ಮರುಪರೀಕ್ಷೆ ನಡೆಸುವುದು ನ್ಯಾಯ. ಅಂತೆಯೇ, ಇಂದು ಗೆದ್ದ ಹೋರಿ ಮುಂದಿನ ವರ್ಷವೂ ಗೆಲ್ಲುವುದೆಂಬ ಭರವಸೆಯಿಲ್ಲ.

ಕೃತಕ ಗರ್ಭಧಾರಣೆಯಿಂದ ಈ ಪರೀಕ್ಷೆಯ ಹೊಣೆ ಹೆಚ್ಚಿತು. ಭಾರತದಲ್ಲಿ ಅದರ ಮೊದಲ ಪ್ರಯೋಗವನ್ನು 1939ರಲ್ಲಿ ಮೈಸೂರು ಅರಮನೆಯ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ನಡೆಸಿದರು. ಇಂದು ಬೆಂಗಳೂರಿನ ಸಮೀಪದ ಹೆಸರಘಟ್ಟದಂತಹ ಕೇಂದ್ರಗಳಲ್ಲಿ ವೀರ್ಯವನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಕಾಪಾಡುತ್ತಾರೆ. ಕರಗಿಸಿದ ಮೇಲೆ ನೂರಕ್ಕೆ 50ರಷ್ಟಾದರೂ ವೀರ್ಯಾಣುಗಳು ಚಲಿಸದಿದ್ದರೆ ಅದನ್ನು ಹಂಚುವಂತಿಲ್ಲ. ಹಿಂದೆ ಒಂದು ಹೋರಿಯ ದೋಷ ಒಂದು ಊರಿಗೆ ಮುಗಿಯುತ್ತಿತ್ತು. ಈಗ ಅದು ಸಾವಿರಾರು ಕೊಟ್ಟಿಗೆಗಳನ್ನು ಮುಟ್ಟಬಲ್ಲದು.

ಹಸುವನ್ನು ಗೊಡ್ಡೆಂದು ಸಂತೆಗೆ ಹೊಡೆಯುವ ಮುನ್ನ ಹೋರಿಯನ್ನೊಮ್ಮೆ ಪರೀಕ್ಷಿಸುವುದು ವಿವೇಕ.